ನೀರು ಕುಡಿಯದ ಬಟ್ಟೆ

ಅರುಣ ಮಗಳ ಡೈಪರ್ ತೊಳೆಯುತ್ತಾನೆ ಎಂಬುದು ಧಾರೇಶ್ವರದಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಬಟ್ಟೆ ಡೈಪರುಗಳನ್ನು ತಂತಿಯ ಮೇಲೆ ಸಾಲಾಗಿ ಒಣಹಾಕಿ, ಫೋಟೊ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದವನು ಅವನೇ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಅವನ ಹೆಂಡತಿ ನರ್ಮದಾಳಿಗೆ ಎಲ್ಲರೂ ಹೇಳಿದ್ದೇ ಹೇಳಿದ್ದು. ಆ ಡೈಪರುಗಳು ಸೋರುತ್ತಿದ್ದವು. ಅದರ ಹೊಣೆ ಮಾತ್ರ ಅವಳ ತಲೆಗೆ ಬಂತು. ಅವಳಿಗೆ ಸರಿಯಾಗಿ ಕಟ್ಟಲು ಬರುವುದಿಲ್ಲವಂತೆ.

ಅವಳ ಹೆರಿಗೆ ರಜೆ ಮುಗಿದಿತ್ತು. ಸೋಮವಾರ ಕುಮಟಾದ ಕಾಲೇಜು ಆಫೀಸಿಗೆ ಹಾಜರಾಗದಿದ್ದರೆ ಕೆಲಸ ಹೋದಂತೆಯೇ. ಪ್ಲಾಸ್ಟಿಕ್ ಡೈಪರ್ ಹಾಕಿದರೆ ಮಗುವಿನ ತೊಡೆಸಂದಿಯಲ್ಲಿ ಬೊಕ್ಕೆ ಏಳುತ್ತಿತ್ತು. ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದ ಪಕ್ಕದ ಮನೆಯ ಹೊನ್ನಮ್ಮ ನಾಲ್ಕು ದಿನ ನೋಡಿ ಕೈಯೆತ್ತಿದ್ದಳು.

"ತಾಸಿಗೊಂದ್ ಸಲ ಹಾಸ್ಗೆ ಒದ್ದೆ ಆದ್ರೆ ನಂಗೆ ಆಗೂದಿಲ್ಲ ಮಗಾ. ಸೋರೂದು ನಿಂತ್ರೆ ಕಳ್ಸು."

ನರ್ಮದಾ ಮಾಡದ ಸರ್ಕಸ್ಸಿಲ್ಲ. ತೊಡೆಯ ಸುತ್ತ ಸಂದು ಬಿಡದ ಹಾಗೆ ಗುಂಡಿ ಬಿಗಿಯಾಗಿ ಹಾಕಿದಳು, ಹೊರಗಿಣುಕುವ ಅಂಚನ್ನು ಒಳಗೆ ತುರುಕಿದಳು, ಹೀರುವ ಪ್ಯಾಡ್ ಎರಡೆರಡು ಇಟ್ಟಳು. ಆದರೂ ಸೋರಿತು. "ಕೆಲ್ಸ ಬಿಟ್ಬಿಡು, ಪಾಪು ದೊಡ್ಡ ಆದ್ಮೇಲೆ ನೋಡುವಾ" ಎಂದು ಅರುಣ ಬೆನ್ನು ಸವರಿದ. ಆ ಮಾತು ಕೇಳಿದರೇ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಶುಕ್ರವಾರ ಅವನು ಭಟ್ಕಳಕ್ಕೆ ಹೋಗಿದ್ದ. ಒಂದು ಡೈಪರನ್ನು ಅವಳೇ ಬಿಸಿನೀರಲ್ಲಿ ತೊಳೆದು, ನಾಲ್ಕು ಸಲ ಜಾಲಿಸಿ ಒಣಗಿಸಿದಳು. ಅದು ಎರಡೂವರೆ ತಾಸು ತಡೆಯಿತು. ಅನುಮಾನ ಬಂದು, ಅವನು ತೊಳೆದಿಟ್ಟ ಪ್ಯಾಡಿನ ಮೇಲೆ ಒಂದು ಚಮಚ ನೀರು ಹೊಯ್ದಳು. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನೀರು ನಿಂತಿತು.

ಬಚ್ಚಲಿನ ಗೂಡಿನಲ್ಲಿ, ಬಟ್ಟೆಗೆ ಪರಿಮಳ ಬರಿಸುವ ದ್ರಾವಣದ ಬಾಟಲಿ ಅರ್ಧ ಖಾಲಿಯಾಗಿ ಕೂತಿತ್ತು. ಅದರ ಕೆಳಗೆ ಮಡಿಸಿಟ್ಟ ಚೀಟಿ, ಡೈಪರುಗಳ ಜೊತೆ ಬಂದದ್ದು. ಇಂಥ ದ್ರಾವಣ ಹಾಕಬೇಡಿ, ಜಿಡ್ಡು ಕೂತು ಬಟ್ಟೆ ನೀರು ಹೀರುವುದಿಲ್ಲ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು.

ಸಂಜೆ ಎರಡನ್ನೂ ಅವನ ಮುಂದಿಟ್ಟಳು.

"ಇದನ್ನ ಓದಿದ್ರಾ?"

"ವಾಸ್ನೆ ಬರ್ತಿತ್ತು, ಅದ್ಕೆ ಹಾಕ್ದೆ."

"ಕೇಳಿದ್ದು ಅದಲ್ಲ. ಓದಿದ್ರಾ ಇಲ್ವಾ?"

ಅರುಣ ನೆಲ ನೋಡಿದ. "ಮೊದ್ಲು ಗೊತ್ತಿರ್ಲಿಲ್ಲ. ಓದಿ ಹದಿನೈದ್ ದಿನ ಆತು. ನೀ ಮನೇಲೇ ಇದ್ರೆ ಪಾಪುಗೂ ಒಳ್ಳೇದು ಅನಿಸ್ತು."

ಹದಿನೈದು ದಿನ. ಅಷ್ಟೂ ದಿನ ಅವಳು ತಾನು ಕೈಲಾಗದವಳು ಎಂದು ಅತ್ತಿದ್ದಳು, ಇವನು ಕಣ್ಣೊರೆಸಿದ್ದ. ಅಷ್ಟು ಸಿಟ್ಟು ಅವಳಿಗೆ ಜನ್ಮದಲ್ಲಿ ಬಂದಿರಲಿಲ್ಲ. ಹಂಡೆಗೆ ನೀರು ತುಂಬಿಸಿ ಬೆಂಕಿ ಹಾಕಿದಳು. ಉಳಿದ ಡೈಪರುಗಳನ್ನೆಲ್ಲ ಅವನ ಮುಂದೆ ಸುರಿದಳು. ಚಮಚದ ನೀರು ಇಂಗುವವರೆಗೆ ಒಂದೊಂದನ್ನೂ ಅವನಿಂದಲೇ ಮತ್ತೆ ಮತ್ತೆ ತೊಳೆಸಿದಳು.

ಭಾನುವಾರ ಮಗುವನ್ನು ಮೂರು ತಾಸು ಇಟ್ಟುಕೊಂಡ ಹೊನ್ನಮ್ಮ ಹಾಸಿಗೆ ಮುಟ್ಟಿ ನೋಡಿದಳು. "ಆತು, ನಾಳೆಯಿಂದ ತಂದ್ ಬಿಡು" ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಅರುಣ ಮೆಲ್ಲಗೆ ಬಾಯಿಬಿಟ್ಟ. "ನಾಳೆ ಬೈಕಲ್ಲಿ ನಾನೇ ಬಿಡ್ತೆ. ಸಂಜೆ ಮನೆಗೆ ಕರ್ಕೊಂಡ್ ಬರೂಕೂ ಬರ್ತೆ."

ನರ್ಮದಾ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಬೇಡ. ಬಸ್ಸಿಗೆ ಹೋಗ್ತೆ. ಹೋಗೂದು ನಿಶ್ಚಯ ಆತು. ಸಂಜೆ ಪಾಪುನ ಎತ್ಕೊಂಡು ಯಾವ ಮನೆಗೆ ಹೋಗೂದು ಅಂತ ಇನ್ನೂ ನಿಶ್ಚಯ ಮಾಡ್ಲಿಲ್ಲ."