ನೀಲಿಯಾದ ಹೆಸರು

ಮುಟ್ಟಿದ ಹೆಸರು ನೀಲಿಯಾಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ನೀಲಿಯೇ.

ನಾನಾಗ ಶಾಲಾ ಮೇಷ್ಟ್ರು. ಮೇಷ್ಟ್ರೆಂದರೆ ಕರೆದ ಕೆಲಸಕ್ಕೆಲ್ಲ ಸಿಗುವ ಆಳು. ದನ ಎಣಿಸಲೂ ನಾವೇ, ಮತ ಎಣಿಸಲೂ ನಾವೇ. ಹೊಳೆಯಲ್ಲಿ ಲಾಂಚ್ ಮಗುಚಿದ ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಮೇಜು ಹಾಕಿ, ಕೈಗೊಂದು ಟ್ಯಾಬ್ ಕೊಟ್ಟು, "ಬಂದವರಿಗೆ ಮಾಹಿತಿ ಹೇಳಿ" ಎಂದು ನನ್ನನ್ನು ಕೂರಿಸಿದರು. ಪರದೆಯ ಎಡಗಡೆ ಲಾಂಚಿನಲ್ಲಿದ್ದವರ ಹೆಸರುಗಳು. ಒಂದನ್ನು ಮುಟ್ಟಿದರೆ ಅದು ನೀಲಿಯಾಗಿ, ಆ ವ್ಯಕ್ತಿಯ ವಯಸ್ಸು, ಸ್ಥಿತಿ, ಇರುವ ಜಾಗ ಬಲಗಡೆ ಮೂಡುತ್ತಿತ್ತು. ಬಲಗಡೆ ಹೆಸರು ಮಾತ್ರ ಇರುತ್ತಿರಲಿಲ್ಲ. ಎಡಗಡೆ ಇದೆಯಲ್ಲ, ಮತ್ತೇಕೆ ಎಂದುಕೊಂಡಿರಬೇಕು ಅದನ್ನು ಮಾಡಿದ ಪುಣ್ಯಾತ್ಮರು.

ನನಗೆ ಮೊದಲಿಂದಲೂ ಭಯ. ಪ್ರತಿ ಸಲ ಬೆರಳಿಡುವಾಗಲೂ ಏನು ಓದಬೇಕಾಗುತ್ತದೋ ಎಂದು.

ಹನ್ನೊಂದರ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡವೀರಯ್ಯ ಎಂಬ ಮುದುಕರು ಬಂದು ಮಗ ಲೋಹಿತನ ಹೆಸರು ಹೇಳಿದರು. ಮುಟ್ಟಿದೆ, ನೀಲಿಯಾಯಿತು. ಬಲಗಡೆ 'ಸ್ಥಿತಿ ಸ್ಥಿರ, ಮೂರನೇ ವಾರ್ಡು' ಎಂದಿತ್ತು. ವಯಸ್ಸು ಓದುವ ತಾಳ್ಮೆ ನನಗಿರಲಿಲ್ಲ.

"ಬದುಕಿದಾನೆ ಯಜಮಾನ್ರೇ!" ಎಂದು ಕೂಗಿಯೇಬಿಟ್ಟೆ. ಅವರು ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಹೋದರು. ಆ ಬೆಳಿಗ್ಗೆ ನನಗೆ ಸಂತೋಷವಾದದ್ದು ಅದೊಂದೇ ಸಲ.

ಅವರ ಹಿಂದೆ ಚಿಕ್ಕತಾಯಮ್ಮ. ಗಂಡನನ್ನು ಹುಡುಕಿಕೊಂಡು ಬಂದವರು, ಹೆಸರು ಕೇಳಿದರೆ ಬಾಯಿಗೆ ಸೆರಗು ಹಿಡಿದರು.

"ನಮ್ಮೆಜಮಾನ್ರ ಹೆಸ್ರು ಯಾವತ್ತೂ ಹೇಳಿಲ್ಲ ಸ್ವಾಮಿ. ಓದಕ್ಕೆ ಬತ್ತದೆ, ನಾನೇ ತೋರುಸ್ತೀನಿ."

ಟ್ಯಾಬನ್ನು ಅವರತ್ತ ತಿರುಗಿಸಿದೆ. ಅವರ ಬೆರಳಿನಡಿ 'ಪುಟ್ಟಮಾದಯ್ಯ' ನೀಲಿಯಾಯಿತು. ಬಲಗಡೆ ನೋಡಿದೆ. 'ಮೃತ' ಎಂದಿತ್ತು.

ಆ ಮಾತು ಹೇಳುವ ಧೈರ್ಯವಿಲ್ಲದೆ, ಒಂದಿಷ್ಟು ಹೊತ್ತು ನೂಕೋಣವೆಂದು ವಯಸ್ಸಿನಿಂದ ಶುರುಮಾಡಿದೆ. "ಇಪ್ಪತ್ತಾರು ವರ್ಷ..."

"ಯಾರಿಗೆ? ನಮ್ಮೆಜಮಾನ್ರಿಗೆ ಅರವತ್ತೆರಡು!"

"ಬೇರೆ ಹೆಸರು ಮುಟ್ಟಿದಿರೇನೋ ಅಮ್ಮ."

"ನಲವತ್ತು ವರ್ಸ ಬಾಯಲ್ಲಿ ಆಡ್ದೆ ಎದೇಲಿಟ್ಕೊಂಡಿರೋ ಹೆಸ್ರು. ತಪ್ಪಾಯ್ತದಾ?"

ನೀಲಿಯಾಗಿದ್ದದ್ದು ಪುಟ್ಟಮಾದಯ್ಯನ ಹೆಸರೇ. ನಾನು ಪಿಳಿಪಿಳಿ ನೋಡುತ್ತಿರುವಾಗಲೇ, ಯಾರೂ ಮುಟ್ಟದೆ, ಬಲಗಡೆಯ ಅಕ್ಷರಗಳು ಬದಲಾದವು: 'ಅರವತ್ತೆರಡು. ಎಡಗೈ ಮುರಿತ. ಐದನೇ ವಾರ್ಡು.' ಓದಿ ಹೇಳಿದ್ದೇ ತಡ, ಚಿಕ್ಕತಾಯಮ್ಮ ಓಡಿದರು.

ನನಗೆ ಆಗ ಹೊಳೆಯಿತು. ಜನ ಹೆಚ್ಚಿ ನೆಟ್‌ವರ್ಕ್ ಕುಂಟುತ್ತಿತ್ತು. ಮುಟ್ಟಿದ ಹೆಸರು ತಕ್ಷಣ ನೀಲಿಯಾದರೂ ಬಲಗಡೆಯ ವಿವರ ತಡವಾಗಿ ಬರುತ್ತಿತ್ತು. ಬರುವವರೆಗೆ ಅದಕ್ಕೂ ಹಿಂದೆ ಮುಟ್ಟಿದ ಹೆಸರಿನ ವಿವರವೇ ಅಲ್ಲಿ ಕೂತಿರುತ್ತಿತ್ತು. ಹಾಗಾದರೆ ಆ ಇಪ್ಪತ್ತಾರು ವರ್ಷದವನು ಯಾರು?

ಲೋಹಿತನ ಹೆಸರು ಮುಟ್ಟಿದೆ. ಈ ಸಲ ಕಾದೆ. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಬರದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಂತೆಯೇ ಬಂತು: 'ಇಪ್ಪತ್ತಾರು. ಮೃತ.'

ಮೂರನೇ ವಾರ್ಡಿಗೆ ಹೇಗೆ ಓಡಿದೆನೋ ಗೊತ್ತಿಲ್ಲ. ಬಾಗಿಲಲ್ಲೇ ದೊಡ್ಡವೀರಯ್ಯ ಫೋನು ಕಿವಿಗಿಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು.

"ಅಗೋ, ಮೇಷ್ಟ್ರೇ ಬಂದ್ರು ಕಣೇ! ಹಾಸ್ಗೆ ಹುಡುಕ್ತಾ ಇದ್ದೆ, ತೋರ್ಸೋಕೆ ಬಂದವ್ರೆ." ಫೋನನ್ನು ನನ್ನತ್ತ ಚಾಚಿದರು. "ಲೋಹಿತನ ಅವ್ವ. ಬದ್ಕವ್ನೆ ಅಂತ ನಿಮ್ಮ ಬಾಯಿಂದ್ಲೇ ಕೇಳ್ಬೇಕಂತೆ."

ತೆಗೆದುಕೊಂಡೆ. ಆ ಕಡೆ ಒಗ್ಗರಣೆ ಚಟಗುಟ್ಟುವ ಸದ್ದು.

"ಮೇಷ್ಟ್ರೇ," ಎಂದಿತು ಹೆಣ್ಣುದನಿ, "ಬೆಳಿಗ್ಗೆ ಏನೂ ತಿನ್ದೆ ಹೋದ. ಸಾರು ಮಾಡ್ತಿದೀನಿ. ಖಾರ ತಿನ್ಬೌದಾ ಅವ್ನು?"

ದೊಡ್ಡವೀರಯ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ನಗು ಇನ್ನೂ ಆರಿರಲಿಲ್ಲ.