ಸಟವಿ ಬರುವ ಮೊದಲು

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ಪುಣೆಯ ಕೊಂಢವಾ ಬಡಾವಣೆಯಲ್ಲಿದ್ದ ಬಸವಣ್ಣೆವ್ವನ ಹಟ. ಏಳು ತಿಂಗಳು ತುಂಬುತ್ತಲೇ ಬೀಗರ ಊರಾದ ದೌಂಡಿಗೆ ಹೋಗಿ ಮಗಳು ಶೀತಲ್‌ಳನ್ನು ಕರೆತಂದಳು. ಸೀರೆ, ಬಳೆ, ಬುತ್ತಿ ಎಲ್ಲವೂ ನೆನಪಾದವು. ಬಸುರಿಯ ರಕ್ತಪರೀಕ್ಷೆ ಮಾತ್ರ ಉಳಿಯಿತು. ತವರಿನವರು ಮಾಡಿಸುತ್ತಾರೆಂದು ಬೀಗರು ಸುಮ್ಮನಿದ್ದರು. ಬೀಗರು ಮಾಡಿಸಿರುತ್ತಾರೆಂದು ಇವಳೂ ಸುಮ್ಮನಿದ್ದಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೇ ಇಲ್ಲದೆ ಕೂಸು ಅಪಾಯಕ್ಕೆ ಸಿಕ್ಕಿತ್ತು.

೨೦೦೪ರ ಒಂದು ಬೆಳಿಗ್ಗೆ ನೋವು ಬಂತು. ಹೆರಿಗೆ ಆಸ್ಪತ್ರೆಯ ನರ್ಸ್ ನೀತಾ, ಅವಳೂ ಕನ್ನಡದವಳೇ, ಬಸುರಿಯ ಕಾರ್ಡಿನಲ್ಲಿ ರಕ್ತಪರೀಕ್ಷೆಯ ಜಾಗ ಖಾಲಿ ಇದ್ದದ್ದನ್ನು ನೋಡಿ ಎಚ್‌ಐವಿ ಪರೀಕ್ಷೆ ಮಾಡೋಣ ಎಂದಳು.

ಬಸವಣ್ಣೆವ್ವ ಸಿಡಿದಳು. "ನಾವು ಮರ್ಯಾದಸ್ಥರ ಇದ್ದೀವ್ರಿ! ಐದನೇ ದಿನಾ ಸಟವಿ ತಾಯಿ ಬಂದು ಕೂಸಿನ ಹಣಿಮ್ಯಾಲ ಏನ್ ಬರೀತಾಳ, ಅದ ಆಗತದ. ನಿಮ್ಮ ಸೂಜಿ ಯಾಕ?"

"ಸಟವಿ ಐದನೇ ದಿನಾ ಬರಲಿ ಅವ್ವಾರ," ಎಂದಳು ನೀತಾ. "ತಾಯಿಗೆ ರೋಗ ಇದ್ದರ ಕೂಸಿಗೆ ಹತ್ತಬಾರದಂತ ಕೊಡೂ ಔಷಧಕ್ಕ ಹುಟ್ಟಿದ ಮ್ಯಾಲ ಮೂರ ದಿನಾ ಅಷ್ಟ ವ್ಯಾಳ್ಯಾ ಅದ. ರೋಗಕ್ಕ ಮರ್ಯಾದಿ ಗೊತ್ತಾಗೂದಿಲ್ರಿ."

ಶೀತಲ್ ನೋವಿನ ನಡುವೆಯೇ ಹೇಳಿದಳು: "ಯವ್ವಾ, ಕೂಸು ನಂದು. ನಾ ಹೂಂ ಅಂತೀನಿ. ತಗೋರಿ ಸಿಸ್ಟರ್."

ಫಲಿತಾಂಶವನ್ನು ನೀತಾ ಶೀತಲ್‌ಗೆ ಮಾತ್ರ ತಿಳಿಸಿ, ಗುಳಿಗೆ ನುಂಗಿಸಿದಳು. ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ಆಮೇಲೆ ಶೀತಲ್ ತಾನಾಗಿಯೇ ತಾಯಿಯ ಕೈ ಹಿಡಿದು, "ಯವ್ವಾ, ನನಗ ಎಚ್‌ಐವಿ ಅದ," ಎಂದಳು.

ಬಸವಣ್ಣೆವ್ವನ ಎದೆ ಒಡೆಯಿತು. ಅಳಿಯನನ್ನು ಬೈದಳು, ದೇವರನ್ನೂ ಬಿಡಲಿಲ್ಲ. ಅತ್ತು ಮುಗಿಸಿ ನೀತಾಳನ್ನು ಕೇಳಿದಳು: "ಕೂಸಿಗೂ ಬಂದದ ಏನ್ರಿ?"

"ಈಗ ಹೇಳಾಕ ಬರೂದಿಲ್ರಿ. ತಾಯಿ ರಕ್ತದ ಗುರುತು ಕೂಸಿನ ಮೈಯಾಗ ಭಾಳ ದಿನಾ ಇರತದ. ಹದಿನೆಂಟು ತಿಂಗಳಾದ ಮ್ಯಾಲ ಖಾತ್ರಿ ಪರೀಕ್ಷಾ. ಅಲ್ಲೀ ತನಕಾ ಹಾಲು, ಔಷಧ ಎಲ್ಲಾ ಡಾಕ್ಟರ್ ಹೇಳಿದ್ಹಂಗ ನಡಸ್ರಿ. ಶೀತಲ್‌ಗೂ ಚಿಕಿತ್ಸಾ ಅದ. ಅಳಿಯಂದ್ರನ್ನೂ ಕರಸ್ರಿ, ಬೈಯಾಕಲ್ಲ, ಪರೀಕ್ಷಾಕ್ಕ."

ಬಸವಣ್ಣೆವ್ವ ತಾನೇ ಮೊಮ್ಮಗಳನ್ನು ಎತ್ತಿ ಹಿಡಿದಳು. ನೀತಾ ಪುಟ್ಟ ಬಾಯಿಗೆ ಔಷಧ ಹನಿಸಿದಳು.

ಐದನೇ ದಿನ ಸಂಜೆ ಮನೆಯಲ್ಲಿ ಸಟವಿ ಪೂಜೆ. ವಾಡಿಕೆಯಂತೆ ಕಾಗದ, ಪೆನ್ನು ಇಟ್ಟರು. ಬಸವಣ್ಣೆವ್ವ ಪಕ್ಕದಲ್ಲಿ ಆಸ್ಪತ್ರೆಯ ಕಾರ್ಡನ್ನೂ ಇಟ್ಟು ಕೈ ಮುಗಿದಳು: "ತಾಯೀ, ಮೊದಲ ಇದನ್ನ ಓದು. ಆಮ್ಯಾಲ ಬರಿ."

ಹದಿನೆಂಟು ತಿಂಗಳ ಪರೀಕ್ಷೆಗೆ ಕೂಸು ತಾನೇ ನಡೆದುಕೊಂಡು ಆಸ್ಪತ್ರೆಯ ಬಾಗಿಲು ದಾಟಿತು. ಅದಕ್ಕೆ ಸೋಂಕು ಇರಲಿಲ್ಲ.

ಅಕ್ಕಂದಿರೇ, ಅತ್ತೆಯರೇ, ಪರೀಕ್ಷೆ ಯಾರ ಮನೆಯ ಹೊಣೆ ಎಂದು ಕಾಯಬೇಡಿ. ಬಸುರಿಯಾಗಿದ್ದಾಗಲೇ ಮಾಡಿಸಿ. ತಪ್ಪಿದ್ದರೆ ಹೆರಿಗೆಗೆ ಹೋದಾಗಲಾದರೂ ನೀವೇ ಬಾಯಿಬಿಟ್ಟು ಕೇಳಿ. ಕೂಸಿನ ಔಷಧ, ಪರೀಕ್ಷೆ ಎರಡರ ದಿನವನ್ನೂ ತಪ್ಪಿಸಬೇಡಿ. ಸಟವಿ ಬರುವುದು ಐದನೇ ದಿನ. ನಿಮ್ಮ ಕೆಲಸ ಅದಕ್ಕೂ ಮೊದಲಿನದು.