ಕೇಳಿದ್ದೇ ಸಿಗುವ ಅಂಗಡಿ

ಪೋಷಕರೆದುರು ಪಾಠ ಮಾಡಬೇಕಿದ್ದ ಆ ದಿನ ಬೆಳಿಗ್ಗೆ ಥೋವಾ ಗಂಜಿಯ ಬಟ್ಟಲನ್ನು ಮುಟ್ಟದೆ ಹಾಗೇ ಸರಿಸಿಟ್ಟಳು. ತೈವಾನಿನ ಕಡಲಂಚಿನ ಆ ಊರಿನ ಪ್ರಾಥಮಿಕ ಶಾಲೆಯಲ್ಲಿ ಅವಳು ತನ್ನ ತಾಯ್ನುಡಿಯಾದ ವಿಯೆಟ್ನಾಮಿ ಕಲಿಸುತ್ತಿದ್ದಳು. ಮಕ್ಕಳು ಒಬ್ಬೊಬ್ಬರಾಗಿ ಜಾರಿಕೊಂಡು, ಬೆಂಚುಗಳು ಖಾಲಿಯಾಗುತ್ತಿದ್ದವು. ಹೊಸಬರು ಯಾರೂ ಸೇರದಿದ್ದರೆ ಮುಂದಿನ ವರ್ಷ ತರಗತಿಯೇ ಇರುವುದಿಲ್ಲ ಎಂದು ಮುಖ್ಯೋಪಾಧ್ಯಾಯ ಜಿಯಾನ್ ನಗುನಗುತ್ತಲೇ ಹೇಳಿದ್ದರು. ಆ ನಗು ಕಣ್ಣನ್ನು ಮುಟ್ಟಿರಲಿಲ್ಲವೆಂಬುದನ್ನು ಅವಳು ಗಮನಿಸಿದ್ದಳು.

"ಹೆದರ್ಕೊಂಡು ಕೂತ್ರೆ ಬುಟ್ಟಿ ಹೊರೋರ್ಯಾರು?" ಎಂದರು ಅತ್ತೆ. ಅವರಿಗೆ ಸಂತೆಯಲ್ಲಿ ಹಣ್ಣಿನ ಅಂಗಡಿಯಿತ್ತು. "ನನ್ನ ಒಳ್ಳೊಳ್ಳೇ ಅನಾನಸ್ಸೆಲ್ಲಾ ಇವತ್ತು ನಿನ್ನ ಕ್ಲಾಸಿನ ಮಂಗಗಳ ಪಾಲು. ಹೋಗ್ಲಿ, ಭಾಷೆ ಬರ್ದಿದ್ರೂ ಹೊಟ್ಟೆನಾದ್ರೂ ತುಂಬುತ್ತೆ."

ಆ ದಿನದ ಪಾಠದ ಉಪಾಯ ಹುಟ್ಟಿದ್ದು ಅತ್ತೆಯ ಆ ಅಂಗಡಿಯಲ್ಲೇ. ಚೀನೀ ಭಾಷೆಯಲ್ಲಿ ಕೊಳ್ಳುವುದೂ 'ಮಾಯ್', ಮಾರುವುದೂ 'ಮಾಯ್'. ದನಿಯ ಏರಿಳಿತವಷ್ಟೇ ಬೇರೆ. ಮದುವೆಯಾಗಿ ಬಂದ ಹೊಸದರಲ್ಲಿ ಥೋವಾ ಅದು ತಿಳಿಯದೆ "ಹಣ್ಣು ಕೊಳ್ತೀವಿ, ಹಣ್ಣು ಕೊಳ್ತೀವಿ" ಎಂದು ಕೂಗಿದ್ದಳು. ಎದುರಂಗಡಿಯವನು ತನ್ನ ಕೊಳೆತ ಪಪಾಯಗಳನ್ನೆಲ್ಲ ತಂದು ಅವಳ ಮುಂದೆ ಸುರಿದಿದ್ದ. ಸಂತೆಗೆ ಸಂತೆಯೇ ನಕ್ಕಿತ್ತು. ಆ ತಪ್ಪು ಮತ್ತೆಂದೂ ಅವಳ ನಾಲಿಗೆಗೆ ಬರಲಿಲ್ಲ.

ತರಗತಿಯಲ್ಲಿ ಈಗ ಹಣ್ಣಿನ ಅಂಗಡಿ ಎದ್ದಿತ್ತು. ವ್ಯಾಪಾರಿ ನಾಲ್ಕನೇ ತರಗತಿಯ ಪೈಯಿಂಗ್. ವಿಯೆಟ್ನಾಮಿಯಲ್ಲಿ 'ಝುವಾ' ಎಂದು ಸಮವಾಗಿ ಎಳೆದರೆ ಕರಬೂಜ, ದನಿ ಇಳಿಸಿದರೆ ತೆಂಗಿನಕಾಯಿ, ಏರಿಸಿದರೆ ಅನಾನಸ್. ತಪ್ಪಿದರೂ ಸರಿ, ಬಾಯಿಂದ ಬಂದದ್ದನ್ನೇ ಕೈಗೆ ಕೊಡುವುದು, ಅದೊಂದೇ ನಿಯಮ.

ಪೋಷಕರು ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದರು. ಥೋವಾ ಒಂದೊಂದೇ ಮುಖ ಓದಿದಳು. ಒಬ್ಬಾಕೆ ಆಕಳಿಸಿದಳು. ಒಬ್ಬಾತ ಮೊಬೈಲಿನಿಂದ ತಲೆ ಎತ್ತಲೇ ಇಲ್ಲ.

ಆಗ ಜಿಯಾನ್ ಮುಂದೆ ಬಂದರು. ಅನಾನಸ್ಸಿಗೆ ಅಲ್ಲಿನವರ ಮಾತಿನಲ್ಲಿರುವ ಹೆಸರು 'ಏಳಿಗೆ ಬರಲಿ' ಎಂದಂತೆ ಕೇಳುತ್ತದೆ. ಕಚೇರಿಯ ಮೇಜಿಗೆ ಒಂದಿದ್ದರೆ ಒಳ್ಳೆಯದೇ. "ಝುವಾ" ಎಂದರು ಗಂಭೀರವಾಗಿ, ದನಿ ಇಳಿಸಿ.

ಪೈಯಿಂಗ್ ತೆಂಗಿನಕಾಯಿ ಎತ್ತಿ ಕೊಟ್ಟಳು.

"ಇದಲ್ಲಮ್ಮಾ, ನಂಗೆ ಅನಾನಸ್ ಬೇಕು."

"ನೀವು ಕೇಳಿದ್ದು ಇದನ್ನೇ ಸರ್."

ಜಿಯಾನರ ಕಿವಿ ಕೆಂಪಾಯಿತು. ಥೋವಾ ಒಂದು ಹೆಜ್ಜೆ ಮುಂದಿಟ್ಟಳು. ತಾನೇ ಹೋಗಿ ಅನಾನಸ್ ಕೊಟ್ಟುಬಿಟ್ಟರೆ? ದೊಡ್ಡವರಿಗೊಂದು ನಿಯಮ, ಮಕ್ಕಳಿಗೊಂದು ಎಂದಾದರೆ ಆಟ ಅಲ್ಲಿಗೇ ಸತ್ತಂತೆ. ತುಟಿ ಕಚ್ಚಿ ನಿಂತಳು.

"ಝುವಾ!" ಎಂದರು ಜಿಯಾನ್ ಮತ್ತೆ, ಈ ಸಲ ದನಿಯನ್ನು ಸಮವಾಗಿ ಎಳೆದು. ಅವರ ಇನ್ನೊಂದು ಕಂಕುಳಿಗೆ ಕರಬೂಜ ಬಂತು.

ಮಕ್ಕಳು ಕಿಸಕ್ಕೆಂದರು. "ಇನ್ನೊಂದ್ಸಲ ತಪ್ಪಿದ್ರೆ ನನ್ನ ಗಾಡಿ ಬಾಡಿಗೆಗೆ ತಗೊಳ್ಳಿ ಸಾರ್!" ಎಂದು ಬಾಗಿಲಲ್ಲಿದ್ದ ಅತ್ತೆ ಕೂಗಿದರು. ಗೋಡೆಗೆ ಒರಗಿದ್ದವರೆಲ್ಲ ಗೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಜಿಯಾನರೇ.

ಪೈಯಿಂಗ್‌ಗೆ ಕನಿಕರವಾಯಿತು. "ಕಿವಿ ಕೇಳ್ದಿದ್ದಾಗ 'ಆಂ?' ಅಂತೀರಲ್ಲ ಸರ್, ಹಾಗೆ ಏರ್ಸಿ."

ಜಿಯಾನ್ ಹುಬ್ಬು ಏರಿಸಿದರು, ಗದ್ದ ಏರಿಸಿದರು, ಕೊನೆಗೆ ತುದಿಗಾಲಲ್ಲೇ ನಿಂತರು. "ಝುವಾ?"

ಅನಾನಸ್! ಮಕ್ಕಳ ಕೂಗಿಗೆ ಕಿಟಕಿ ಗಾಜು ನಡುಗಿತು. ಪಕ್ಕದ ಇಂಗ್ಲಿಷ್ ತರಗತಿಯ ಮಕ್ಕಳು ಓಡಿಬಂದು ಕಿಟಕಿಗೆ ಜೋತುಬಿದ್ದರು. ಜಿಯಾನ್ ಗೆದ್ದ ಟ್ರೋಫಿಯಂತೆ ಅದನ್ನು ತಲೆಯ ಮೇಲೆತ್ತಿದರು. ಮೊಬೈಲಿನವನು ಮೊಬೈಲನ್ನು ಜೇಬಿಗಿಳಿಸಿ, "ನಂಗೂ ಒಂದು ಚಾನ್ಸ್ ಕೊಡ್ರೀ" ಎಂದು ಸಾಲಿಗೆ ನುಗ್ಗಿದ. ಆಕಳಿಸಿದ್ದಾಕೆ ತನ್ನ ಮಗನ ಹೆಸರು ಬರೆಸಲು ಥೋವಾಳ ತೋಳು ಹಿಡಿದಳು. ಅವಳ ಬೆನ್ನಿಗೇ ಇನ್ನಷ್ಟು ಜನ.

"ಟೀಚರ್, ಮುಂದಿನ ವರ್ಷ ಈ ಕೋಣೆ ಸಾಲಲ್ಲ," ಎಂದರು ಜಿಯಾನ್. ಈ ಸಲ ಕಣ್ಣೂ ನಗುತ್ತಿತ್ತು. "ಸಭಾಂಗಣ ತಗೊಳ್ಳಿ."

ಥೋವಾ ಉತ್ತರಿಸುವ ಮೊದಲೇ ಸಾಲಿನಲ್ಲಿ ಗದ್ದಲವೆದ್ದಿತು. ಅತ್ತೆ ಮೊಣಕೈಯಿಂದ ದಾರಿ ಮಾಡಿಕೊಂಡು ಮುಂದೆ ಬರುತ್ತಿದ್ದರು.

"ಅತ್ತೇ, ಅವು ನಿಮ್ಮ ಹಣ್ಣೇ ಅಲ್ವಾ?"

"ಸುಮ್ನಿರೇ. ಕೇಳ್ದೇ ತಗೊಂಡ್ರೆ ಆಟ ಹೇಗಾಗುತ್ತೆ?" ಎಂದು ಗಂಟಲು ಸರಿಮಾಡಿಕೊಂಡು, ಸೊಸೆಯ ಭಾಷೆಯಲ್ಲಿ ತಮ್ಮ ಮೊದಲ ಮಾತನ್ನು ದೂರದ ಸಂತೆಗೂ ಕೇಳುವಂತೆ ಕೂಗಿದರು: "ಝುವಾ?"